ಹೆಸರು ಕೂಗಿಸಿ ನೀರಿಗಿಳಿಸುವ ಉಲುಲಾನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಡುಗಡ್ಡೆಯ ಕೋನಾ ತೀರದ ಸಣ್ಣ ಕೊಲ್ಲಿಯೊಂದರಲ್ಲಿ, ದೋಣಿಕಟ್ಟೆಯ ಹಿಂದಿನ ಶೆಡ್ಡಿನಲ್ಲಿ, ಉಲುಲಾನಿ ಮೆಡೇರುಸ್ ಮೊಣಕೈವರೆಗೆ ಸೋಪಿನ ನೀರಿನಲ್ಲಿ ಕೈ ಮುಳುಗಿಸಿ ನಿಂತಿದ್ದಾರೆ. ಹಿಂದಿನ ಸಂಜೆ ಪ್ರವಾಸಿಗರು ತೊಟ್ಟು ಬಿಟ್ಟ ರಬ್ಬರಿನ ಈಜುಡುಗೆಗಳು ಪಕ್ಕದಲ್ಲಿ ರಾಶಿ ಬಿದ್ದಿವೆ. ಒಂದೊಂದನ್ನೂ ಒಳಮೈ ಹೊರಗೆ ಮಾಡಿ, ಎರಡು ತೊಟ್ಟಿಗಳಲ್ಲಿ ಅದ್ದಿ, ಹಿಂಡದೆ ನೀರಿಳಿಸಿ, ಸೊಂಟದ ಹತ್ತಿರ ಮಡಚಿ ಅಡ್ಡ ಕಟ್ಟಿದ ಕೊಳವೆಯ ಮೇಲೆ ಹಾಕುತ್ತಾರೆ. ಭುಜ ಹಿಡಿದು ನೇತುಹಾಕಿದರೆ ರಬ್ಬರು ಜೋತು ಬೀಳುತ್ತದೆ.

ಆ ಉಡುಗೆಗಳ ವಾಸನೆಯ ಬಗ್ಗೆ ಕೇಳಿದರೆ ಅವರು ಮುಖ ತಿರುಗಿಸುವುದಿಲ್ಲ. "ಕತ್ಲಲ್ಲಿ ಸಮುದ್ರಕ್ಕಿಳಿದ್ರೆ ದೊಡ್ಡ ದೊಡ್ಡ ಸಾಹೇಬ್ರು ಏನ್ ಮಾಡ್ಕೋತಾರೆ ಅಂತ ನಂಗೂ ಈ ತೊಟ್ಟಿಗೂ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ" ಎನ್ನುತ್ತಾರೆ.

ಐವತ್ತೆಂಟರ ಉಲುಲಾನಿಯನ್ನು ಕಟ್ಟೆಯಲ್ಲಿ ಎಲ್ಲರೂ ಕರೆಯುವುದು ಉಲು ಆಂಟಿ ಎಂದೇ. ಬೆಳಿಗ್ಗೆ ತೊಳೆಯುವ ಕೆಲಸ, ಸಂಜೆ ನೀರಿನ ಕೆಲಸ. ಸೂರ್ಯ ಮುಳುಗಿದ ಮೇಲೆ ದೋಣಿಯು ಒಂದು ಹೋಟೆಲಿನ ಕೆಳಗಿನ ಕರಿಬಂಡೆಗಳ ಹತ್ತಿರ ನಿಲ್ಲುತ್ತದೆ. ಅಡಿಯಲ್ಲಿ ದೀಪ ಕೂರಿಸಿದ ಉದ್ದನೆಯ ಹಲಗೆಯನ್ನು ನೀರಿಗೆ ಬಿಡುತ್ತಾರೆ. ಬಂದವರು ಬಾಯಲ್ಲಿ ಉಸಿರುಕೊಳವೆ ಕಚ್ಚಿ, ಹಲಗೆಯ ಅಂಚಿನ ಹಿಡಿಕೆ ಹಿಡಿದು, ಮುಖ ಕೆಳಗೆ ಮಾಡಿ ತೇಲುತ್ತಾರೆ. ಬೆಳಕಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮುತ್ತುತ್ತವೆ, ಅವನ್ನು ತಿನ್ನಲು ಹಾಹಾಲುವಾ ಬರುತ್ತದೆ. ಹೊರಗಿನವರು ಮಾಂಟಾ ಎನ್ನುವ ದೈತ್ಯ ತೊರಕೆ ಮೀನು ಅದು. ಬಾಗಿಲಿನಷ್ಟು ಅಗಲದ ರೆಕ್ಕೆ ಬಿಚ್ಚಿ, ಬಾಯಿ ತೆರೆದು, ತೇಲುವವರ ಹೊಟ್ಟೆಗೆ ಒಂದು ಗೇಣು ಕೆಳಗೆ ಅಂಗಾತ ಹೊರಳಿ ಹೋಗುತ್ತದೆ. ಮುಟ್ಟುವಂತಿಲ್ಲ, ಅದರ ಮೈಮೇಲಿನ ಲೋಳೆ ಅಳಿಸಿದರೆ ಹುಣ್ಣಾಗುತ್ತದೆ.

ಈ ನೋಟದ ಲೆಕ್ಕವಿಲ್ಲದಷ್ಟು ಫೋಟೋಗಳು ಊರೂರಿಗೆ ಹೋಗಿವೆ. ಯಾವುದರಲ್ಲೂ ಉಲುಲಾನಿ ಇಲ್ಲ. ಎಲ್ಲರ ಮುಖ ನೀರೊಳಗಿರುವಾಗ ಅವರ ಮುಖ ನೀರಿನ ಮೇಲಿರುತ್ತದೆ. ಹಲಗೆಯ ಹಗ್ಗವನ್ನು ತೋಳಿಗೆ ಸುತ್ತಿಕೊಂಡು, ಅಲೆ ಬಂದಾಗ ಕಾಲಿನಿಂದ ತಡೆದು, ಅವರು ನೋಡುವುದು ಉಸಿರುಕೊಳವೆಗಳ ಸಾಲನ್ನು. ಕೊಳವೆ ನಡುಗಿದರೆ ಚಳಿ, ಪದೇಪದೇ ಓರೆಯಾದರೆ ಹೊಟ್ಟೆ ತೊಳೆಸುತ್ತಿದೆ, ಉಸಿರು ಏರುತ್ತಿದ್ದರೆ ಭಯ. ಭಯಪಟ್ಟವರ ಬೆನ್ನ ಮೇಲೆ ಒಂದು ಕೈ ಇಡುತ್ತಾರೆ. ಮುಕ್ಕಾಲು ಪಾಲು ಜನರಿಗೆ ಅಷ್ಟೇ ಸಾಕು ಎಂಬುದು ಅವರ ಅನುಭವ.

ಹದಿನಾರು ವರ್ಷದಿಂದ ಈ ಕೆಲಸದಲ್ಲಿರುವ ಅವರು ದೀಪದ ಕೆಳಗೆ ಹಾಹಾಲುವಾ ಉಣ್ಣುವುದನ್ನು ಒಮ್ಮೆಯೂ ನೋಡಿಲ್ಲ. ಜೊತೆಯವರು ಇದನ್ನು ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡಿದ್ದಾರೆ. ಅದು ಅರ್ಧ ನಿಜ. ಉಳಿದರ್ಧ ಮನೆಯ ವಿಷಯ.

ಉಲುಲಾನಿಯ ತಂದೆಯ ಮನೆತನಕ್ಕೆ ಹಾಹಾಲುವಾ ಬರೀ ಮೀನಲ್ಲ. ತೀರಿಹೋದ ಹಿರಿಯರು ಆ ರೂಪದಲ್ಲಿ ಬಂದು ಮಕ್ಕಳುಮರಿಗಳನ್ನು ಕಾಯುತ್ತಾರೆ ಎಂಬುದು ತಲೆತಲಾಂತರದ ನಂಬಿಕೆ. ಅವರ ಮನೆಯಲ್ಲಿ ಯಾರೂ ಅದನ್ನು ಹಿಡಿದಿಲ್ಲ, ತಿಂದಿಲ್ಲ. ಹೋಟೆಲಿನ ಬಟ್ಟೆ ಒಗೆಯುವ ವಿಭಾಗ ಮುಚ್ಚಿ, ಪುಟ್ಟ ಮಗಳನ್ನು ಕಟ್ಟಿಕೊಂಡಿದ್ದ ಉಲುಲಾನಿ ಕೆಲಸ ಕಳೆದುಕೊಂಡಾಗ ಸಿಕ್ಕಿದ್ದು ಈ ದೋಣಿಯೊಂದೇ. ಸೋದರತ್ತೆ ಮೆಲೆಯಾನಾ ಅಂದು ಜಗಳವಾಡಲಿಲ್ಲ. ಆದರೆ ಅಂದಿನಿಂದ ಉಲುಲಾನಿಯ ಮನೆಯಲ್ಲಿ ತುತ್ತು ಎತ್ತಿಲ್ಲ. ಹಬ್ಬಕ್ಕೆ ಬರುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ, ತಟ್ಟೆ ಮುಂದೆ ಬಂದಾಗ ಎದ್ದು ಹೊರಡುತ್ತಾರೆ.

ತಪ್ಪೇನೆಂದು ಅತ್ತೆ ಬಾಯಿಬಿಟ್ಟು ಹೇಳಿದ್ದು ಮೂರು ವರ್ಷದ ಹಿಂದೆ, ಒಂದು ಸಾವಿನ ಮನೆಯಲ್ಲಿ. ಉಲುಲಾನಿಗೆ ಆ ಮಾತು ಅಕ್ಷರ ಬಿಡದೆ ನೆನಪಿದೆ: "ನೀನು ಊಟಕ್ಕೆ ಕೂತಿರ್ತೀಯ. ಯಾರೋ ಬಾಗ್ಲಲ್ಲಿ ಒಂದು ಮಾತು ಕೂಗ್ದೆ, ಹೆಸ್ರು ಹೇಳ್ದೆ, ಹಿಂಡು ಹಿಂಡಾಗಿ ನುಗ್ಗಿ ನಿನ್ನ ಬಾಯೇ ನೋಡ್ತಾ ನಿಂತ್ರೆ ತುತ್ತು ಇಳೀತದಾ?"

ಉಣ್ಣುವವರ ಬಾಯಿ ನೋಡಬಾರದೆಂದು ಉಲುಲಾನಿ ತಾವು ಮುಖ ಮೇಲಿಟ್ಟುಕೊಂಡಿದ್ದರು, ಸರಿ. ಬಂದವರು ಬಾಗಿಲಲ್ಲಿ ಕೂಗಬೇಕೆಂಬುದು ಹೊಳೆದಿರಲಿಲ್ಲ. ಮರುವಾರದಿಂದಲೇ ಹೊಸ ಪದ್ಧತಿ ಶುರುವಾಯಿತು. ನೀರಿಗಿಳಿಯುವ ಮೊದಲು ಪ್ರತಿಯೊಬ್ಬರೂ ದೋಣಿಯ ಅಂಚಿನಲ್ಲಿ ನಿಂತು ತನ್ನ ಹೆಸರು, ಊರು, ತಾಯಿಯ ಹೆಸರು ಕೂಗಿ ಹೇಳಬೇಕು. ಮೊದಮೊದಲು ಜನ ನಗುತ್ತಾರೆ. ಎರಡನೆಯವರು ಹೇಳುವಷ್ಟರಲ್ಲಿ ನಗು ನಿಲ್ಲುತ್ತದೆ. ಓಹಾಯೊದ ಗುತ್ತಿಗೆದಾರನೊಬ್ಬ, ನರೆತ ಗಡ್ಡದವನು, ತನ್ನ ಹೆಸರು ಗಟ್ಟಿಯಾಗಿ ಹೇಳಿ, ತಾಯಿಯ ಹೆಸರಿಗೆ ಬಂದಾಗ ನಿಂತುಬಿಟ್ಟ. ಉಲುಲಾನಿ ಅವಸರ ಮಾಡಲಿಲ್ಲ. ಎಲ್ಲರೂ ಕಾದರು. ಕೊನೆಗೆ ಹೇಳಿದ.

ದೋಣಿ ನಡೆಸುವ ಕ್ಯಾಪ್ಟನ್ ರಾಂಡಲ್ ಆಗ್ಬಯಾನಿಗೆ ಇದು ತಲೆನೋವು. ಎರಡನೇ ಗುಂಪು ದಡದಲ್ಲಿ ಕಾಯುತ್ತಿರುತ್ತದೆ. "ಆಂಟಿ, ಮೀನಿಗೇ ಹಾಜರಿ ತಗೊಳ್ಳೋಕೆ ಹೇಳಿಬಿಡಿ, ನಾವು ಮನೆಗೆ ಹೋಗಣ" ಎಂದು ರೇಗಿಸುತ್ತಾನೆ. ನಿಲ್ಲಿಸಿ ಎಂದು ಮಾತ್ರ ಹೇಳಿಲ್ಲ. ಹೆಸರು ಕೂಗಿದವರು ನೀರಿನಲ್ಲಿ ಕಡಿಮೆ ಒದ್ದಾಡುತ್ತಾರೆ ಎಂದು ಅವನೂ ಒಪ್ಪುತ್ತಾನೆ, ಆದರೆ ಅದಕ್ಕೆ ಕಾರಣ ಅವನ ಪ್ರಕಾರ ಬೇರೆ: ಅಷ್ಟು ಹೊತ್ತು ನಿಂತು ನಿಂತು ಸುಸ್ತಾಗಿರುತ್ತಾರಂತೆ.

ಈ ಪದ್ಧತಿಯ ಸುದ್ದಿ ಅತ್ತೆಗೂ ಮುಟ್ಟಿತ್ತು. "ಹಾಗೋ" ಎಂದರಂತೆ, ಅಷ್ಟೇ. ಊಟ ಮಾತ್ರ ಮಾಡಲಿಲ್ಲ.

ಈಗ ಈ ಮಾತು ಮತ್ತೆ ಎದ್ದಿರುವುದು ಮೊಮ್ಮಗುವಿನಿಂದ. ಮಗಳು ನೋಹೆಯಾಳ ಕೂಸಿಗೆ ಈ ಶನಿವಾರ ವರ್ಷ ತುಂಬುತ್ತದೆ. ಮೊದಲ ವರ್ಷದ ಊಟ ಎಂದರೆ ಇಲ್ಲಿ ಮದುವೆಗಿಂತ ದೊಡ್ಡದು. ಇಡೀ ಹಂದಿ ಬೇಯಲು ನೆಲಗುಂಡಿಗೆ ಇಳಿಯಬೇಕು, ಮನೆಯ ಹಿರಿಯರು ಪ್ರಾರ್ಥನೆ ಹೇಳಬೇಕು, ಕೂಸಿನ ಬಾಯಿಗೆ ಕೆಸುವಿನ ಗಡ್ಡೆ ಅರೆದ ಪೋಯಿ ಇಟ್ಟು, ಅದೇ ಬಟ್ಟಲಿನಿಂದ ಮೊದಲ ತುತ್ತು ತಾವೂ ಉಣ್ಣಬೇಕು. ಆ ತಲೆಮಾರಿನಲ್ಲಿ ಉಳಿದಿರುವವರು ಮೆಲೆಯಾನಾ ಒಬ್ಬರೇ. ಅಳಿಯನ ಕಡೆಯ ಪಾದ್ರಿಯನ್ನು ಕರೆಸೋಣ ಎಂದು ನೋಹೆಯಾ ಎರಡು ಸಲ ಹೇಳಿ ನೋಡಿದಳು. ಉಲುಲಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಫಿ ತೋಟದ ದಿಣ್ಣೆ ಹತ್ತಿ ಅತ್ತೆಯ ಮನೆಗೇ ಹೋದರು. ಅತ್ತೆ ಕರೆಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ಸಂಜೆ ಬಂದು ಆ ಹೆಸರು ಕೂಗುವುದನ್ನು ಕೇಳಿಸಿಕೊಳ್ಳುತ್ತೇನೆ ಎಂದರು.

ಬುಧವಾರ ಬಂದರು. ಅತ್ತೆಯ ಅಣ್ಣನ ಮೊಮ್ಮಗನ ಪಿಕಪ್ ಗಾಡಿ ಬಂಡೆಗಳ ಮೇಲಿನ ರಸ್ತೆಯಂಚಿನಲ್ಲಿ ನಿಂತಿತು. ಎಂಬತ್ನಾಲ್ಕರ ಅತ್ತೆ ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು ಕೂತರು. ದೋಣಿ ಅಲ್ಲಿಂದ ದೂರವಿಲ್ಲ. ನೀರಿನ ಮೇಲೆ ಮಾತು ಚೆನ್ನಾಗಿ ಸಾಗುತ್ತದೆ. ಹದಿಮೂರು ಜನ ಒಬ್ಬೊಬ್ಬರಾಗಿ ಕೂಗಿದರು. ದೀಪ ಇಳಿಯಿತು, ಮೂರು ಹಾಹಾಲುವಾ ಬಂದವು, ಜನ ಕೊಳವೆಯೊಳಗೇ ಕಿರುಚಿದರು, ಚಳಿಯಾಗಿ ಮೇಲೆ ಬಂದರು. ಗಾಡಿ ಆಮೇಲೂ ಅಲ್ಲೇ ಇತ್ತು. ಉಲುಲಾನಿ ಒದ್ದೆ ಮೈಯಲ್ಲೇ ರಸ್ತೆ ಹತ್ತಿ ಕಿಟಕಿಯ ಹತ್ತಿರ ನಿಂತರು.

"ಎಲ್ರ ಹೆಸ್ರೂ ಕೇಳಿಸ್ತು" ಎಂದರು ಅತ್ತೆ. "ನಿಂದು ಕೇಳಿಸ್ಲಿಲ್ಲ."

"ನಾನು ಮನೆಯವ್ಳಲ್ವಾ ಅತ್ತೆ? ನಾನ್ಯಾಕೆ ಕೂಗ್ಲಿ?"

"ಮನೆಯವ್ಳೇ. ಅದ್ಕೇ ಕೇಳ್ತಿರೋದು. ಪರರನ್ನ ಬಾಗ್ಲಿಗೆ ಕರ್ಕೊಂಡು ಬಂದೋಳು ಯಾರ ಮಗಳು ಅಂತ ಒಳಗಿರೋರಿಗೆ ತಿಳೀಬೇಡ್ವಾ? ಅವ್ರ ಹೆಸ್ರೆಲ್ಲ ಮುಂದೆ ಬಿಟ್ಟು ನೀನು ಹಿಂದೆ ಅವಿತ್ಕೊಂಡಿದ್ದೀಯ."

ಗಾಡಿ ಹೊರಟುಹೋಯಿತು. ಶನಿವಾರದ ಮಾತು ಬರಲೇ ಇಲ್ಲ.

ಅತ್ತೆ ಹೇಳಿದ್ದು ಸರಿಯೇ ಎಂದು ಉಲುಲಾನಿ ಮರುದಿನ ಬೆಳಿಗ್ಗೆ ಈಜುಡುಗೆ ತೊಳೆಯುತ್ತಾ ಹೇಳಿದರು. ಮನೆಯವಳೆಂದು ಸುಮ್ಮನಿದ್ದದ್ದಷ್ಟೇ ಅಲ್ಲ. ತಂದೆಯ ಹೆಸರು ಹೇಳಿ ಈ ಕೆಲಸಕ್ಕೆ ನಿಲ್ಲಲು ನಾಚಿಕೆಯೂ ಇತ್ತು. ಹೋಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಆ ನಾಚಿಕೆ ಇರಲಿಲ್ಲ. "ಇಷ್ಟು ವರ್ಷ ಎಲ್ರಿಗೂ ಧೈರ್ಯ ಹೇಳಿದ್ದೇ ಬಂತು" ಎಂದು, ಕೈಲಿದ್ದ ಈಜುಡುಗೆಯ ತೋಳು ಒಳಹೊರಗೆ ಮಾಡಿದರು.

ಗುರುವಾರ ಸಂಜೆ ದೋಣಿ ನಿಂತ ಮೇಲೆ ಉಲುಲಾನಿ ಎಂದಿನಂತೆ ಮೊದಲಿನವರನ್ನು ಅಂಚಿಗೆ ಕರೆಯಲಿಲ್ಲ. ತಾವೇ ಹೋಗಿ ನಿಂತರು. ತಮ್ಮ ಹೆಸರು, ತಂದೆಯ ಹೆಸರು, ಅಜ್ಜಿಯ ಹೆಸರು, ಅಜ್ಜಿ ಹುಟ್ಟಿದ ಕೊಲ್ಲಿಯ ಹೆಸರು ಕೂಗಿದರು. ಇಂಥವರನ್ನು ಕರೆತಂದಿದ್ದೇನೆ, ನೋಡಿ ಹೋಗುತ್ತಾರೆ, ಮುಟ್ಟುವುದಿಲ್ಲ ಎಂದರು. ದನಿ ಮೊದಲು ಸಣ್ಣದಾಗಿ ಹೊರಟು ಅಜ್ಜಿಯ ಹೆಸರಿಗೆ ಬರುವಷ್ಟರಲ್ಲಿ ನೆಟ್ಟಗಾಯಿತು. ಪ್ರವಾಸಿಗರಿಗೆ ಹೊಸತೇನೂ ಅನ್ನಿಸಲಿಲ್ಲ. ದಿನವೂ ಹೀಗೇ ಇರಬೇಕೆಂದುಕೊಂಡರು. ಆಗ್ಬಯಾನಿ ಮಾತ್ರ ಎಂಜಿನ್ ಆರಿಸಿದ.

ಆಗ ದಡದ ಕತ್ತಲಿನಿಂದ ಮುದುಕಿಯೊಬ್ಬಳ ಗಟ್ಟಿ ದನಿ ಬಂತು. ಹಾದಿಯಲ್ಲಿ ಹೋಗುವವರನ್ನು ಹಳೆಯ ಕಾಲದ ಮನೆಗಳು ಕರೆಯುತ್ತಿದ್ದ ರೀತಿಯಲ್ಲಿ.

"ಬಾ, ಬಾ. ಒಳಗೆ ಬಾ. ಉಣ್ಣು ಬಾ."

ಗಾಡಿ ಬಂದಿದ್ದನ್ನು ಯಾರೂ ಗಮನಿಸಿರಲಿಲ್ಲ. ಉಲುಲಾನಿ ಹಗ್ಗವನ್ನು ತೋಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡರು ಎಂದು ಆಗ್ಬಯಾನಿ ಹೇಳುತ್ತಾನೆ. ಆಮೇಲೆ ಮುಂದಿನವರ ಹೆಸರು ಕೇಳಿದರು. ಹಲಗೆ ಇಳಿಯಿತು, ಹನ್ನೊಂದು ಕೊಳವೆಗಳು ಸಾಲಾಗಿ ತೇಲಿದವು. ಅವರು ಅಂದೂ ಕೆಳಗೆ ನೋಡಲಿಲ್ಲ.

ಶುಕ್ರವಾರ ಶೆಡ್ಡಿಗೆ ನೋಹೆಯಾಳ ಫೋನು ಬರುತ್ತದೆ. ಪಾದ್ರಿಗೆ ಇವತ್ತಾದರೂ ಹೇಳಬೇಕಲ್ಲ ಎಂದು ಅವಳ ಆತಂಕ. ಉಲುಲಾನಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಕೈಯ ಸೋಪು ತೊಳೆಯುತ್ತಾರೆ.

"ಪಾದ್ರಿಗೆ ಹೇಳೋದು ಬೇಡ" ಎನ್ನುತ್ತಾರೆ. "ಮುಂದಿನ ಸಾಲಿಗೆ ಕೈ ಇರೋ ಕುರ್ಚಿ ಒಂದು ಹಾಕ್ಸು. ಅತ್ತೆಗೆ ಊಟ ಆದ್ಮೇಲೆ ಹಿಡ್ಕೊಳ್ದೆ ಏಳಕ್ಕಾಗಲ್ಲ."