ಜೀಪಿನಲ್ಲಿ ಹಾಡುತ್ತಿದ್ದ ಹಾಡು

ಕ್ರೈಸ್ತರು ಸಿನಿಮಾ ಹಾಡಿನಂಥ ಲೋಕದ ಹಾಡು ಕೇಳಬಹುದೇ ಎಂದು ಯಾರಾದರೂ ಚರ್ಚೆ ಶುರುಮಾಡಿದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತೇನೆ. ನಮ್ಮ ಮನೆಯಲ್ಲಿ ಆ ಚರ್ಚೆ ಮುಗಿದು ಎಷ್ಟೋ ವರ್ಷವಾಯಿತು.

ಅಪ್ಪ ವನಗೂರು ಕಡೆಯ ಎಸ್ಟೇಟೊಂದರಲ್ಲಿ ಜೀಪ್ ಡ್ರೈವರ್. ಸ್ಟೇರಿಂಗ್ ಹಿಡಿದರೆ ಸಾಕು, ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಪಕ್ಕ ಕೂರಿಸಿಕೊಂಡು ಹಾಡಿದ ಸಿನಿಮಾ ಹಾಡೊಂದು ಇಬ್ಬರದೂ ಆಗಿಬಿಟ್ಟಿತ್ತು. ಮೊದಲ ಸಾಲು ಅಪ್ಪನದು, ಎರಡನೆಯದು ಅಮ್ಮನದು. ನಾನು ಹೈಸ್ಕೂಲು ಸೇರಿದ ಮೇಲೂ ಆ ಪದ್ಧತಿ ನಡೆದೇ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಸಕಲೇಶಪುರದ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಬಹಳ ಕಟ್ಟುನಿಟ್ಟು. ದೇವರ ಮಕ್ಕಳ ಬಾಯಲ್ಲಿ ಲೋಕದ ಹಾಡು ಬರಬಾರದು ಎಂದು ಒಂದು ಭಾನುವಾರ ಪ್ರಸಂಗ ಮಾಡಿದರು. ಅಪ್ಪ ಯಾವುದನ್ನೂ ಅರ್ಧಂಬರ್ಧ ಮಾಡುವ ಆಸಾಮಿಯಲ್ಲ. ಮನೆಗೆ ಬಂದವರೇ ಟೇಪ್ ರೆಕಾರ್ಡರನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

"ಜೀಪಲ್ಲಿ ಹಾಡ್ತಿದ್ವಲ್ಲ, ಅದು?" ಅಮ್ಮ ಕೇಳಿದಳು.

"ಅದೂ ಲೋಕದ್ದೇ ಕಣೇ."

ಅಮ್ಮ ಎದ್ದಳು. ಒಲೆ ಮುಂದೆ ಹೋಗಿ ಕೂತಳು. ಅವತ್ತಿನಿಂದ ಮನೆಯಲ್ಲಿ ಅವಳ ಗುನುಗು ನಿಂತುಹೋಯಿತು. ನನಗಂತೂ ಪಾಸ್ಟರ್ ಮೇಲೂ ಅಪ್ಪನ ಮೇಲೂ ಒಟ್ಟಿಗೆ ಸಿಟ್ಟು.

ಅಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದಳು. ಗಿಡ ಆಳೆತ್ತರ, ಮೇಲೆ ಮಂಜು ಬೇರೆ. ಪಕ್ಕದ ಸಾಲಿನವರೂ ಕಾಣುವುದಿಲ್ಲ. ಅದಕ್ಕೇ ಹೆಂಗಸರು ಹಾಡಿಕೊಂಡೇ ಕೊಯ್ಯುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯಬೇಕು. ಯಾರ ದನಿ ಸೇರಲಿಲ್ಲವೋ ಅವಳನ್ನು ಕೂಗಿ ವಿಚಾರಿಸುತ್ತಿದ್ದರು. ಅಮ್ಮ ಹಾಡು ಬಿಟ್ಟಾಗ ಮೊದಮೊದಲು ಅವಳನ್ನೂ ಕೂಗಿದರು. ಆಮೇಲೆ "ಅವ್ಳು ಭಕ್ತೆ ಆಗ್ಬುಟ್ಳು ಬಿಡ್ರೇ" ಎಂದು ಅವಳ ಮೌನಕ್ಕೆ ಒಗ್ಗಿಕೊಂಡರು.

ಆ ಕೊಯ್ಲಿನ ಒಂದು ಶನಿವಾರ ಹಳ್ಳದ ಕಡೆ ಆನೆಗಳು ಇಳಿದಿವೆ ಎಂದು ಸುದ್ದಿ ಬಂತು. ಆಳುಗಳ ಲೆಕ್ಕ ಬರೆಯುವ ರೈಟರ್ ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದರು. ಬೆಳಗಿನ ಶಾಲೆ ಮುಗಿಸಿ ನಾನು ಅಪ್ಪನ ಜೀಪಿನಲ್ಲಿದ್ದೆ. ಹೆಂಗಸರೆಲ್ಲ ಬಂದರು, ಅಮ್ಮ ಬರಲಿಲ್ಲ.

"ಮುಂದೆ ಹೋಗ್ಬುಟ್ಳು ಅನ್ಕಂಡ್ವಿ ಕಣಣ್ಣ. ಅವ್ಳ ದನಿ ಯಾವತ್ತೂ ಇರಾಕಿಲ್ವಲ್ಲ" ಎಂದಳು ಒಬ್ಬಳು. ಅಪ್ಪನ ಮುಖ ನೋಡುವ ಹಾಗಿರಲಿಲ್ಲ.

ತೋಟದ ತುಂಬ ಆನೆ ಓಡಿಸುವವರ ಕೂಗು. ಅದರೊಳಗೆ ಅಪ್ಪನ ಕೂಗು ಎಲ್ಲಿ ಕೇಳಿಸಬೇಕು? ಹಾಡಾದರೆ ಬೇರೆಯಾಗಿ ಕೇಳಿಸೀತೆಂದು ಇಳಿಜಾರಿನ ಅಂಚಿನಲ್ಲಿ ನಿಂತು ಸಭೆಯಲ್ಲಿ ಹಾಡುವ ಕೀರ್ತನೆ ಎತ್ತಿದರು. ಒಂದು ಚರಣ ಹಾಡಿ ಕಾದರು. ಉತ್ತರವಿಲ್ಲ. ನಾನು ಅವರ ಅಂಗಿ ಹಿಡಿದುಕೊಂಡು ಅಳತೊಡಗಿದೆ. ಅಪ್ಪ ಗಂಟಲು ಸರಿಮಾಡಿಕೊಂಡರು. ಆಮೇಲೆ ಜೀಪಿನ ಆ ಹಾಡಿನ ಮೊದಲ ಸಾಲನ್ನು ಇದ್ದಬದ್ದ ದನಿಯಲ್ಲಿ ಹಾಡಿದರು.

ಕೆಳಗೆ ಮಂಜಿನೊಳಗಿಂದ ಎರಡನೇ ಸಾಲು ಬಂತು.

ಅಪ್ಪ ಹಾಡುತ್ತಲೇ ಇಳಿದರು, ಅಮ್ಮ ಹಾಡುತ್ತಲೇ ಹತ್ತಿದಳು. ಸೀಟಿ ಅವಳಿಗೆ ಕೇಳಿಸಿರಲಿಲ್ಲ. ಕೂಗಾಟಕ್ಕೆ ಹೆದರಿ ಗಿಡದ ಬುಡದಲ್ಲಿ ಕೂತುಬಿಟ್ಟಿದ್ದಳಂತೆ. ಸೊಂಟದ ಚೀಲದಲ್ಲಿ ಹಣ್ಣು ಹಾಗೇ ಇತ್ತು.

"ಕೀರ್ತನೆ ಕೇಳಿಸ್ಲಿಲ್ವೇನೇ?" ಎಂದರು ಅಪ್ಪ, ಅವಳ ತಲೆಯ ಮೇಲಿನ ಎಲೆ ತೆಗೆಯುತ್ತ.

"ಕೇಳಿಸ್ತು. ನಂಗೋಸ್ಕರ ಪ್ರಾರ್ಥನೆ ಮಾಡ್ತಾವ್ರೆ ಅನ್ಕಂಡು ಕಣ್ಮುಚ್ಕಂಡು ಕೂತ್ಕಂಡೆ. ಪ್ರಾರ್ಥನೆ ಮಧ್ಯದಲ್ಲಿ ಬಾಯಿ ಹಾಕಾಕಾಯ್ತದೇನ್ರೀ?"

ಅಪ್ಪನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವತ್ತು ಊಟಕ್ಕೆ ಮುಂಚೆ ಅಪ್ಪ ಎಂದಿನಂತೆ ಅನ್ನಕ್ಕೆ, ಆರೋಗ್ಯಕ್ಕೆ, ಅಮ್ಮನ ಜೀವಕ್ಕೆ ಸ್ತೋತ್ರ ಹೇಳಿದರು. ಮುಗಿಯಿತೆಂದು ನಾನು ತಟ್ಟೆಗೆ ಕೈ ಹಾಕಿದ್ದೆ. ಅಪ್ಪ ಇನ್ನೂ ಕಣ್ಣು ತೆರೆದಿರಲಿಲ್ಲ.

"ಆ ಹಾಡು ಬರೆದೋರು ಯಾರೋ ನಂಗೊತ್ತಿಲ್ಲ ಸ್ವಾಮಿ. ಅವ್ರನ್ನೂ ಆಶೀರ್ವದಿಸು."

ಆಮೆನ್ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅಮ್ಮ.