ರಂಗಕ್ಕನ ಎದೆಯೊಳಗಿನ ಕಾಯಿ

ಹಂದನಕೆರೆ ಕಡೆಯ ಗೊಲ್ಲರಹಟ್ಟಿಯ ರಂಗಕ್ಕನಿಗೆ ಅರವತ್ತು ಕುರಿ, ಒಂದು ನಾಯಿ, ಒಬ್ಬ ಗಂಡ. ಎಲ್ಲರನ್ನೂ ಒಂದೇ ದನಿಯಲ್ಲಿ ಗದರಿಸುತ್ತಿದ್ದಳು. ೧೯೯೮ರಲ್ಲಿ ಆ ದನಿ ಕೆಮ್ಮಿನ ಕೈಗೆ ಸಿಕ್ಕಿತು. ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿದರೂ ಕೆಮ್ಮು ಜಗ್ಗಲಿಲ್ಲ. ಕೊನೆಗೆ ತಿಪಟೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ, ಬಲಗಡೆಯ ಶ್ವಾಸಕೋಶದಲ್ಲಿ ಕೈವಾರ ಹಿಡಿದು ಬರೆದಂಥ ಬಿಳಿಯ ಉಂಡೆ!

ದೊಡ್ಡಾಸ್ಪತ್ರೆಗೆ ತೋರಿಸಿ ಎಂದರು. ಗಂಡ ಗೊಲ್ಲರಪ್ಪ ಅದನ್ನು ಮೊದಲು ತೋರಿಸಿದ್ದು ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರಿಗೆ. ದುಂಡಗಿರುವ ಯಾವುದೇ ವಸ್ತುವಿನ ವಿಷಯದಲ್ಲಿ ಆ ಸೀಮೆಗೆ ಅವರ ಮಾತೇ ಕೊನೆ. ಅವರು ಫಿಲ್ಮನ್ನು ಬಿಸಿಲಿಗೆ ಹಿಡಿದು, ತೆಂಗಿನಕಾಯಿ ತಟ್ಟುವಂತೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು.

"ಇನ್ನೂ ಕೊಬ್ಬರಿ ಆಗಿಲ್ಲ ಕಣಪ್ಪ. ಒಳಗೆ ನೀರೈತೆ."

ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮನೂ "ಒಳಗೆ ನೀರಿದೆ" ಎಂದರು. "ಅದು ನಮಗೆ ಊರಲ್ಲೇ ಗೊತ್ತಾಗಿತ್ತು ಬುಡಿ" ಎಂದ ಗೊಲ್ಲರಪ್ಪ.

"ಮನೇಲಿ ನಾಯಿ ಇದೆಯಾ? ಕುರಿ ಕುಯ್ದಾಗ ಗುಳ್ಳೆ ಎದ್ದ ಲಿವರ್, ಅದೇ ಈಲಿ, ಅದಕ್ಕೆ ಹಾಕ್ತೀರಾ?"

"ಇನ್ನೇನು ನಾವು ತಿನ್ನಾಕಾಯ್ತದಾ?" ರಂಗಕ್ಕ ರೇಗಿದಳು. "ಕೆಮ್ತಿರೋಳು ನಾನು ಕಣ್ರವ್ವಾ. ನೀವು ನಾಯಿ ಯೋಗಕ್ಷೇಮ ಕೇಳ್ತೀರಲ್ಲ!"

ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಗುಳ್ಳೆ ಎದ್ದ ಈಲಿ ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಹುಳ ಬೆಳೆಯುತ್ತದೆ. ಅದರ ಮೊಟ್ಟೆ ಕುರಿಯೊಳಗೆ ಸೇರಬೇಕಾದದ್ದು. ನಾಯಿಯ ಮೈ ಸವರಿ, ತೊಳೆಯದ ಕೈಯಲ್ಲಿ ಉಂಡಾಗ ರಂಗಕ್ಕನೊಳಗೆ ಇಳಿದಿದೆ. ವರ್ಷಗಟ್ಟಲೆ ನೀರು ತುಂಬಿಕೊಂಡು ಬೆಳೆದಿದೆ.

"ಅಂದ್ರೆ ಆ ಹುಳ ನನ್ನೇ ಕುರಿ ಅಂದ್ಕಂಡೈತಾ?"

"ಹೆಚ್ಚುಕಮ್ಮಿ ಹಾಗೇನೇ."

ರೋಗಕ್ಕಿಂತ ಈ ಮಾತೇ ಅವಳನ್ನು ಹೆಚ್ಚು ನೋಯಿಸಿತು.

ಅಪರೂಪದ ಕೇಸೆಂದು ವಿದ್ಯಾರ್ಥಿಗಳು ಸಾಲುಗಟ್ಟಿ ಬಂದರು. ಮೂರನೆಯ ದಿನಕ್ಕೆ ರಂಗಕ್ಕನೇ ಪಾಠ ಶುರುಮಾಡಿದಳು: "ಬಲಗಡೆ ಕಣ್ಲಾ! ಎಡಗಡೆ ಏನು ಕಳ್ಕಂಡಿದ್ದೀಯ?"

ಆಪರೇಷನ್ನಿನ ಬೆಳಿಗ್ಗೆ ಅವಳು ಗಂಡನನ್ನು ಹತ್ತಿರ ಕರೆದಳು. ಉಂಡೆ ಒಳಗೇ ಒಡೆದರೆ ಜೀವಕ್ಕೆ ಅಪಾಯವೆಂದಿದ್ದರು.

"ನಾನು ಹೋದ್ರೆ ಕುರಿ ಮಾರಬ್ಯಾಡ" ಎಂದಳು.

"ಸುಮ್ಕಿರು. ನೀನಿಲ್ದಿದ್ರೆ ಅವು ನನ್ ಮಾತು ಕೇಳಾಕಿಲ್ಲ" ಎಂದ ಗೊಲ್ಲರಪ್ಪ, ಗೋಡೆಯ ಕಡೆ ಮುಖ ಮಾಡಿ.

ಉಂಡೆ ಒಡೆಯದೆ ಹೊರಬಂತು. ಅದನ್ನು ಗಾಜಿನ ಜಾಡಿಯಲ್ಲಿಟ್ಟು ಕಾಲೇಜಿಗೆ ಒಯ್ಯಲು ಹೊರಟಾಗ ರಂಗಕ್ಕ ತಕರಾರು ತೆಗೆದಳು: "ಇಷ್ಟು ವರ್ಸ ಸಾಕಿದೋಳು ನಾನು. ಕೇಳದೆ ಒಯ್ತೀರಾ?" ಡಾಕ್ಟರಮ್ಮ ಜಾಡಿಯ ಮೇಲೆ ಅವಳ ಊರಿನ ಹೆಸರು ಬರೆಸುವುದಾಗಿ ಮಾತು ಕೊಟ್ಟ ಮೇಲೆಯೇ ಬಿಟ್ಟಳು.

ಊರಿಗೆ ಬಂದು ಮೂರು ತಿಂಗಳು ಮಾತ್ರೆ ನುಂಗಿದಳು. ಪಶುವೈದ್ಯರು ಕುರಿಗಳ ಬಾಯಿಗೆ ಹಾಕಿದ ಔಷಧಿಯೂ ಅದೇ ಎಂದು ತಿಳಿದಾಗ ಯಾರಿಗೂ ಹೇಳುವುದಿಲ್ಲವೆಂದು ಗಂಡನಿಂದ ಆಣೆ ಹಾಕಿಸಿಕೊಂಡಳು. ಅಷ್ಟರಲ್ಲಿ ಅವನು ಹಟ್ಟಿಗೆಲ್ಲ ಹೇಳಿಯಾಗಿತ್ತು.

ನಾಯಿಗೂ ಬೆಲ್ಲದಲ್ಲಿ ಮಾತ್ರೆ ನುಂಗಿಸಿದರು. ಅಲ್ಲಿಂದಾಚೆಗೆ ಹಟ್ಟಿಯಲ್ಲಿ ಯಾರು ಕುರಿ ಕುಯ್ದರೂ, ಮಚ್ಚಿಗಿಂತ ಮೊದಲು ಗುದ್ದಲಿ ಹಿಡಿದ ರಂಗಕ್ಕ ಹಾಜರು. ಈಲಿ, ಕರುಳು ಆಳಕ್ಕೆ ಹೂಳಿ, ಮೇಲೆ ಕಲ್ಲು ಹೇರಿಸಿ, ಎಲ್ಲರ ಕೈ ತೊಳೆಸಿಯೇ ಅವಳು ಜಾಗ ಬಿಡುತ್ತಿದ್ದದ್ದು. ಬೈಯುವವರು ಬೈದುಕೊಂಡೇ ಗುಂಡಿ ತೋಡುತ್ತಿದ್ದರು.