ಗಿರಣಿಯ ಬೆಂಚಿನ ಓದುಗ

ಹಿಟ್ಟಿನ ಗಿರಣಿಯಲ್ಲಿ ಬೆಂಚು ಇರುವುದು ಕಾಳು ತಂದವರು ಕೂರಲಿ ಎಂದು. ಕಾಳೂ ಇಲ್ಲದೆ, ಡಬ್ಬವೂ ಇಲ್ಲದೆ, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಪುಸ್ತಕ ಹಿಡಿದು ಅದರ ಮೇಲೆ ಕೂರುವ ಮನುಷ್ಯನನ್ನು ಏನೆಂದು ಕರೆಯಬೇಕು? ಬೇರೆ ಯಾರಾದರೂ ಆಗಿದ್ದರೆ ಕರೆಯಲು ಗಿರಣಿಯವನ ಬಳಿ ಬೇಕಾದಷ್ಟು ಹೆಸರುಗಳಿದ್ದವು. ಆದರೆ ಕೂತಿದ್ದವರು ಒಡಹುಟ್ಟಿದ ಅಕ್ಕನ ಗಂಡ. ಭಾವನನ್ನು ಬೈಯುವುದು ಹೇಗೆ? ಹಾಗಾಗಿ ಬೈಗುಳವನ್ನೆಲ್ಲ ಅವನು ಬೆಲ್ಟಿಗೆ, ಮೋಟರಿಗೆ, ಡಬ್ಬದ ಮುಚ್ಚಳ ಮನೆಯಲ್ಲೇ ಬಿಟ್ಟು ಬಂದ ಗಿರಾಕಿಗಳಿಗೆ ಹಂಚುತ್ತಿದ್ದ.

ಬೀದಿಯವರು ಅವನಿಗೆ ಸಿಡುಕ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆದರೂ ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಬೆರಳು ಬೆಲ್ಟಿಗೆ ಸಿಕ್ಕಿತು. ಪುಸ್ತಕದ ಚೀಲ ಮೂಲೆಗೆಸೆದು ಗಿರಣಿಗೆ ಬಂದವನು ಇಂದಿಗೂ ಹೊರಗೆ ಹೋಗಿಲ್ಲ. ಸದ್ದಿನಲ್ಲೇ ಮೀಸೆ ಬಂತು, ಸದ್ದಿನಲ್ಲೇ ಮೀಸೆ ನೆರೆಯಿತು. ಮೀಸೆ ನೆರೆತದ್ದು ಹಿಟ್ಟಿನ ಬಿಳುಪಲ್ಲ ಎಂದು ಗೊತ್ತಾಗಲು ಮಾತ್ರ ಅವನಿಗೆ ಕೆಲವು ವರ್ಷ ಬೇಕಾಯಿತು. ಮನೆಯಲ್ಲಿ ಉಣ್ಣುತ್ತ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಷ್ಟು ಜೋರು ಗಂಟಲು.

ಭಾವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವರು. ಆಯುಷ್ಯವೆಲ್ಲ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗಂಟಲು ಹರಿದುಕೊಂಡು ನಿವೃತ್ತರಾದರು. ನಿವೃತ್ತರಾದವರು ಸುಮ್ಮನೆ ಗಿಡಕ್ಕೆ ನೀರು ಹಾಕಿಕೊಂಡು ಇರಬಾರದೇ? ಇಲ್ಲ, ಎಲ್ಲಿಂದ ಬಂತೋ ಓದುವ ಹುಚ್ಚು. ಲೈಬ್ರರಿಯ ಕಾರ್ಡ್ ಮಾಡಿಸಿದರು. ಆ ಲೈಬ್ರರಿಯೋ, ಗಿರಣಿಯ ಎದುರಿಗೇ ಇದೆ. ತಲೆಯ ಮೇಲೆ ಫ್ಯಾನು, ಕೂರಲು ಬೆನ್ನಿರುವ ಕುರ್ಚಿ, ಕುಡಿಯಲು ತಣ್ಣನೆಯ ನೀರು, ಎಲ್ಲ ಬಿಟ್ಟಿ. ಭಾವ ಬೆಳಿಗ್ಗೆ ಅದರೊಳಗೆ ಹೋಗುತ್ತಿದ್ದರು, ಪುಸ್ತಕ ತೆಗೆದುಕೊಳ್ಳುತ್ತಿದ್ದರು, ಆಮೇಲೆ ಫ್ಯಾನು ಕುರ್ಚಿ ನೀರು ಎಲ್ಲಕ್ಕೂ ಬೆನ್ನು ಹಾಕಿ, ರಸ್ತೆ ದಾಟಿ ಬಂದು, ಹಿಟ್ಟಿನ ದೂಳಿನ ನಡುವೆ ಆ ಕಾಲು ಅಲುಗಾಡುವ ಬೆಂಚಿನ ಮೇಲೆ ಕೂರುತ್ತಿದ್ದರು. ಮಧ್ಯಾಹ್ನ ಎದ್ದಾಗ ಹುಬ್ಬು ಬೆಳ್ಳಗಾಗಿರುತ್ತಿತ್ತು. ಕೆಮ್ಮುತ್ತ ಮನೆಗೆ ಹೋಗುತ್ತಿದ್ದರು.

ಆ ಕೆಮ್ಮೇ ಒಂದು ದಿನ ಅಕ್ಕನನ್ನು ಗಿರಣಿಯ ಬಾಗಿಲಿಗೆ ಎಳೆದು ತಂದಿತು. ಭಾವ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದಳು.

"ಏನೋ, ನಿನ್ನ ಭಾವನನ್ನ ಗೋಧಿ ಜತೆ ಬೀಸಿ ಡಬ್ಬಕ್ಕೆ ತುಂಬಬೇಕು ಅಂತ ಮಾಡಿದೀಯಾ?"

"ನಾನೇನು ಮಾಡಿದೆನೇ ಅಕ್ಕ?"

"ಡಾಕ್ಟರು ಎದೆ ಫೋಟೋ ತೆಗೆಸಿದ್ರು. ದೂಳು ಕೂತಿದೆಯಂತೆ. ಇನ್ನು ಹಿಟ್ಟಿನ ಗಾಳಿ ಕುಡಿದರೆ ಉಸಿರಿಗೇ ಕುತ್ತು ಬರುತ್ತೆ ಅಂದ್ರು. ಹೇಳಿದರೆ ಅವರು ಕಿವಿಗೇ ಹಾಕ್ಕೊಳ್ಳಲ್ಲ. ನೀನೇ ಎಬ್ಬಿಸಿ ಆ ಲೈಬ್ರರಿ ಒಳಗೆ ಕೂರಿಸಬೇಕು. ಎಲ್ಲರ ಮೇಲೂ ಹಾರಾಡ್ತೀಯಲ್ಲ, ಇದೊಂದು ಕೆಲಸಕ್ಕಾದರೂ ನಿನ್ನ ಸಿಟ್ಟು ಬರಲಿ."

ಗಿರಣಿಯವನಿಗೆ ನಿಜವಾಗಿ ಹೆದರಿಕೆಯಾಯಿತು. ಅಪ್ಪ ಹೋದಮೇಲೆ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಅಕ್ಕ ಮತ್ತು ಭಾವ. ಆ ಮನುಷ್ಯನ ಎದೆಯಲ್ಲಿ ಕೂತದ್ದು ತನ್ನ ಗಿರಣಿಯ ಹಿಟ್ಟು ಅಂದರೆ!

ಮರುದಿನ ಭಾವ ಬಂದು ಕೂತ ಕೂಡಲೇ ಕಲ್ಲು ನಿಲ್ಲಿಸಿ ಎದುರಿಗೆ ನಿಂತ.

"ಭಾವ, ಎದುರಿಗೆ ಅಷ್ಟು ದೊಡ್ಡ ಲೈಬ್ರರಿ ಇದೆ. ಅಲ್ಲಿ ಕೂತು ಓದಬಾರದಾ?"

"ಅಲ್ಲಿ ಸರಿಹೋಗಲ್ಲಪ್ಪ."

"ಏನು ಸರಿಹೋಗಲ್ಲ? ಕುರ್ಚಿನಾ?"

"ಕುರ್ಚಿ ಚೆನ್ನಾಗಿದೆ."

"ಬೆಳಕಾ?"

"ಬೆಳಕಿಗೇನು, ಹಗಲು ಹೊತ್ತಲ್ವಾ?"

"ಮತ್ತೆ? ಯಾರಾದರೂ ಏನಾದರೂ ಅಂದರಾ? ಹೇಳಿ, ಈಗಲೇ ಹೋಗಿ ವಿಚಾರಿಸ್ಕೊಂಡು ಬರ್ತೀನಿ!"

"ಯಾರೂ ಏನೂ ಅಂದಿಲ್ಲ. ನೀನು ಗಿರಣಿ ಶುರು ಮಾಡು ಮೊದಲು," ಅಂದರು ಭಾವ. ಕಲ್ಲು ತಿರುಗುವವರೆಗೆ ಪುಸ್ತಕ ಬಿಚ್ಚಲೇ ಇಲ್ಲ.

ಇದರ ತಲೆಬುಡ ಗಿರಣಿಯವನಿಗೆ ತಿಳಿಯಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಬಣ್ಣ ಹೊಡೆಯುವವನನ್ನು ಹೊರಗೆ ಕರೆದು ಕೇಳಿದ, "ನೀನು ಆ ಲೈಬ್ರರಿಗೆ ಹೋಗಿದೀಯಾ?"

"ಹೋಗದೆ ಏನು? ಒಳಗೂ ಹೊರಗೂ ಬಣ್ಣ ಹೊಡೆದವನೇ ನಾನು."

"ಅದಲ್ಲ, ಆಮೇಲೆ."

"ಆಮೇಲೆ ಯಾಕೆ ಹೋಗಲಿ? ಕೆಲಸ ಮುಗೀತಲ್ಲ."

ಇವನ ಹತ್ತಿರ ಕೇಳಿದ್ದೇ ತಪ್ಪಾಯಿತು ಎಂದು ಗಿರಣಿಯವನು ಒಳಗೆ ಬಂದ. ಬಂದಮೇಲೆ ಅನ್ನಿಸಿತು: ತಾನೂ ಹೋಗಿಲ್ಲವಲ್ಲ. ಎದುರಿಗೇ ಇದೆ, ದಿನವೂ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ, ಆದರೂ ಒಮ್ಮೆಯೂ ಆ ಮೆಟ್ಟಿಲು ಹತ್ತಿಲ್ಲ. ಯಾಕೆ ಎಂದು ಯೋಚಿಸಲು ಹೊರಟರೆ ತಲೆ ಬಿಸಿಯಾಯಿತು. ಅಷ್ಟರಲ್ಲಿ ಯಾರದೋ ಡಬ್ಬ ತುಂಬಿ ಹಿಟ್ಟು ನೆಲಕ್ಕೆ ಚೆಲ್ಲುತ್ತಿತ್ತು. ಅವರ ಮೇಲೆ ಕೂಗಾಡಿ ತಲೆ ಹಗುರ ಮಾಡಿಕೊಂಡ.

ವಿಷಯ ಹೊರಗೆ ಬಿದ್ದದ್ದು ಕರೆಂಟು ಹೋದ ದಿನ. ಗಿರಣಿ ತುಂಬ ಜನ ಇದ್ದರು. ಕಲ್ಲು ಗುಡುಗುತ್ತಿತ್ತು, ಬೆಲ್ಟು ಪಟಪಟ ಬಡಿಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು. ಆ ನಿಶ್ಶಬ್ದದ ನಡುವೆ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳಬೇಕಾದ ದನಿಯಲ್ಲಿ ಒಬ್ಬರು ಓದುತ್ತಿದ್ದರು:

"ಅ... ವ... ಳು, ಅವಳು... ಬಾ... ಗಿ... ಲ... ಬಾಗಿಲನ್ನು... ತೆ... ರೆ..."

ಭಾವ! ಬೆರಳು ಅಕ್ಷರದ ಮೇಲೆ, ಬಾಯಿ ಅಗಲವಾಗಿ. ಗಿರಣಿ ನಿಂತದ್ದು ಅವರ ಗಮನಕ್ಕೆ ಬರಲು ಇನ್ನೂ ಎರಡು ಅಕ್ಷರ ಹಿಡಿಯಿತು.

ಯಾರೋ ಕಿಸಕ್ಕೆಂದರು. ಹೊಲಿಗೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ, "ಪಾಪ, ಒಂದನೇ ಕ್ಲಾಸಿನ ಮಗು ಥರ ಓದ್ತಾರೆ" ಅಂದಳು. ನಗು ಬರದಿದ್ದವರೂ ಅದಕ್ಕೆ ನಕ್ಕರು. ಭಾವ ಪುಸ್ತಕ ಮುಚ್ಚಿದರು. ಅಂಗಿಯ ಹಿಟ್ಟು ಕೊಡವಿಕೊಳ್ಳದೆ ಎದ್ದು ಹೋದರು. ಗಿರಣಿಯವನು ಅಲ್ಲಿದ್ದವರನ್ನೆಲ್ಲ ಹೊರಗಟ್ಟಿದ. ಕರೆಂಟು ಬಂದಮೇಲೂ ಬಹಳ ಹೊತ್ತು ಒಳಗೆ ಬಿಡಲಿಲ್ಲ.

ಮರುದಿನ ಭಾವ ಬರಲಿಲ್ಲ, ಅದರ ಮರುದಿನವೂ ಇಲ್ಲ. ಬೇಕಾಗಿದ್ದುದೂ ಅದೇ ತಾನೇ? ದೂಳು ತಪ್ಪಿತು. ಆದರೆ ಅಕ್ಕ ಮತ್ತೆ ಬಾಗಿಲಲ್ಲಿ ನಿಂತಳು. ಈ ಸಲ ಅವಳ ದನಿ ಏರಲಿಲ್ಲ, ಅದರಿಂದ ಅವನಿಗೆ ಇನ್ನೂ ಭಯವಾಯಿತು.

"ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದಾರೆ ಕಣೋ. ಲೈಬ್ರರಿಗೂ ಇಲ್ಲ, ಎಲ್ಲಿಗೂ ಇಲ್ಲ. ಊಟಕ್ಕೆ ಕರೆದರೆ ಬೇಡ ಅಂತಾರೆ. ಏನಾಯ್ತು ಇಲ್ಲಿ?"

ಅವನು ಗಿರಣಿ ನಿಲ್ಲಿಸಿ ಅವಳ ಜತೆ ಹೊರಟ. ಭಾವ ನಿಜವಾಗಿ ಗೋಡೆ ನೋಡಿಕೊಂಡು ಮಲಗಿದ್ದರು. ಅವನು ಮಂಚದ ಅಂಚಿಗೆ ಕೂತು, ತನ್ನ ಮಟ್ಟಿಗೆ ಮೆಲ್ಲಗೆ ಕೇಳಿದ, "ಭಾವ, ಬಾಯಿ ಮುಚ್ಚಿಕೊಂಡು ಓದಕ್ಕಾಗಲ್ವಾ?"

ಅಕ್ಕ "ಥೂ, ಕೇಳೋ ರೀತಿ ನೋಡು" ಎಂದು ಅಡುಗೆಮನೆಗೆ ಹೋದಳು. ಅವಳು ಹೋದಮೇಲೆ ಭಾವ ಗೋಡೆಗೇ ಹೇಳಿದರು:

"ಆಗಲ್ಲ. ಸ್ಕೂಲಲ್ಲಿ ನಾನಿದ್ದಷ್ಟು ದಿನ ಮೇಷ್ಟ್ರು ಕೂಗಿಸಿಯೇ ಕಲಿಸಿದ್ರು. ಆಮೇಲೆ ಬಸ್ಸಿನಲ್ಲಿ ಅಂಕಿ ಬಂದರೆ ಸಾಕಾಗಿತ್ತು. ಅಕ್ಷರ ಕಣ್ಣಿಗೆ ಬಿದ್ದರೆ ಸಾಲದು ನನಗೆ, ಕಿವಿಗೂ ಬೀಳಬೇಕು. ಆಗಲೇ ತಲೆಗೆ ಹೋಗೋದು. ಲೈಬ್ರರಿಯಲ್ಲಿ ಬಾಯಿ ಬಿಡೋ ಹಾಗಿಲ್ಲ."

"ಮನೇಲಿ ಓದಿ."

"ಸೊಸೆ ಎದುರಿಗೆ ಅಕ್ಷರ ಕೂಡಿಸ್ತಾ ಕೂರಲಾ? ನಿನ್ನ ಗಿರಣಿಯಲ್ಲಾದರೆ ನನಗೆ ಮಾತ್ರ ಕೇಳಿಸ್ತಿತ್ತು. ಬೇರೆ ಯಾರಿಗೂ ಕೇಳಿಸ್ತಿರಲಿಲ್ಲ. ಹಾಗಂದುಕೊಂಡಿದ್ದೆ."

ಗಿರಣಿಯವನಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ತೋಚಲಿಲ್ಲ. ಕೊನೆಗೆ ಲೈಬ್ರರಿಯ ಮೇಲೆ ಮಾಡಿಕೊಂಡ. ಸೀದಾ ನಡೆದು, ರಸ್ತೆ ದಾಟಿ, ಜೀವಮಾನದಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದ.

ಒಳಗೆ ಕಾಲಿಟ್ಟ ಕೂಡಲೇ ಕಿವಿಯಲ್ಲಿ ಗುಂಯ್ ಅಂದಿತು. ಅಷ್ಟು ಮೌನವಾಗಿರುವ ಜಾಗದಲ್ಲಿ ಅವನು ಎಂದೂ ನಿಂತಿರಲಿಲ್ಲ. ಹಿಂತಿರುಗಿ ನೋಡಿದರೆ ಒರೆಸಿದ ನೆಲದ ಮೇಲೆ ತನ್ನ ಬಿಳಿ ಹೆಜ್ಜೆಗಳು ಬಾಗಿಲಿಂದ ಹಿಂಬಾಲಿಸಿ ಬಂದಿದ್ದವು. ಮೇಜಿನ ಹಿಂದೆ ಲೈಬ್ರರಿ ಮೇಡಂ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು.

"ಮೇಡಂ, ಓದೋ ಜಾಗದಲ್ಲಿ ಓದಬಾರದಾ?" ಅಂದ. ಇದ್ದ ತಲೆಗಳೆಲ್ಲ ಎದ್ದವು. ಪೇಪರ್ ಎದೆಯ ಮೇಲಿಟ್ಟುಕೊಂಡು ಮಲಗಿದ್ದ ಒಬ್ಬ ಗಾಬರಿಯಿಂದ ಎಚ್ಚರಾದ.

"ಓದಬಹುದಲ್ಲ. ಸದ್ದು ಮಾಡಬಾರದು ಅಷ್ಟೆ," ಅಂದರು ಮೇಡಂ.

"ನಮ್ಮ ಭಾವ ಸದ್ದು ಮಾಡಿಯೇ ಓದೋರು. ಕಂಡಕ್ಟರ್. ಅವರನ್ನ ಓಡಿಸಿದ್ದು ನೀವೇನಾ?"

ಮೇಡಂ ಕೈಯ ಅಂಟು ಒರೆಸಿಕೊಂಡರು. "ಅಯ್ಯೋ, ಅವರಾ! ನಾನು ಓಡಿಸಿಲ್ಲ. 'ಸ್ವಲ್ಪ ಮೆಲ್ಲಗೆ ಸಾರ್' ಅಂದೆ. ಮಾರನೇ ದಿನದಿಂದ ಪುಸ್ತಕ ತಗೊಂಡು ಹೊರಟುಹೋಗೋರು. ಮನೆಗೆ ಹೋಗ್ತಾರೆ ಅಂದುಕೊಂಡಿದ್ದೆ."

"ಮೆಲ್ಲಗೆ ಓದಿದರೆ ಅವರಿಗೆ ತಿಳಿಯಲ್ಲ!"

"ಜೋರಾಗಿ ಓದಿದರೆ ನನಗೆ ತಿಳಿಯಲ್ಲ ಅಂಕಲ್," ಅಂದಳು ದಪ್ಪ ಪುಸ್ತಕದ ಹಿಂದಿನಿಂದ ಒಬ್ಬ ಹುಡುಗಿ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಮನೇಲಿ ಇರೋದು ಒಂದೇ ಕೋಣೆ. ಟೀವಿ ಅಲ್ಲೇ, ಅಡುಗೆ ಅಲ್ಲೇ, ಜಗಳ ಅಲ್ಲೇ. ಪರೀಕ್ಷೆಗೆ ಓದಕ್ಕೆ ನನಗಿರೋದು ಇದೊಂದೇ ಜಾಗ."

ಅದೂ ಸರಿಯೇ. ಗಿರಣಿಯವನು ನಿದ್ದೆಯಿಂದ ಎದ್ದವನ ಕಡೆ ತಿರುಗಿದ, "ನೀನು? ಮಲಗಕ್ಕೆ ಮನೆ ಇಲ್ವಾ?"

"ಮನೇಲಿ ಹಗಲು ಮಲಗಿದರೆ ಸೋಮಾರಿ ಅಂತಾರೆ ಸ್ವಾಮಿ. ಇಲ್ಲಿ ಮಲಗಿದರೆ ಓದಕ್ಕೆ ಹೋಗಿದಾನೆ ಅಂತಾರೆ."

ಜಗಳಕ್ಕೆಂದು ಬಂದವನಿಗೆ ಜಗಳವಾಡಲು ಯಾರೂ ಸಿಗಲಿಲ್ಲ. ಓದು ಬೇಕಾದವರು ಹೊರಗೆ, ನಿದ್ದೆ ಬೇಕಾದವನು ಒಳಗೆ. ಹಾಗಂತ ಆ ಹುಡುಗಿಯನ್ನು ಎಬ್ಬಿಸಿ ಭಾವನನ್ನು ಕೂರಿಸಲಾಗುತ್ತದೆಯೇ? ಇದು ಯಾರಿಗಾಗಿ ಇರುವ ಜಾಗ ಎಂದು ಎಷ್ಟು ತಿರುಗಿಸಿ ನೋಡಿದರೂ ಒಂದು ಕಡೆ ಸರಿ ಅನ್ನಿಸಿದ್ದು ಇನ್ನೊಂದು ಕಡೆ ತಪ್ಪು ಅನ್ನಿಸುತ್ತಿತ್ತು.

"ನೀವೂ ಒಂದು ಕಾರ್ಡ್ ಮಾಡಿಸ್ಕೊಳ್ತೀರಾ?" ಎಂದು ಮೇಡಂ ಕೇಳಿದರು.

"ನಾನಾ? ನನಗೆಲ್ಲಿ ಪುರುಸೊತ್ತು," ಎಂದು ಅವನು ಮೆಟ್ಟಿಲಿಳಿದ. ಕೆಳಗೆ ಬಂದಮೇಲೆ ಎದೆ ಹೊಡೆದುಕೊಳ್ಳುತ್ತಿತ್ತು. ಪುರುಸೊತ್ತಿಗೂ ಎದೆ ಹೊಡೆದುಕೊಳ್ಳುವುದಕ್ಕೂ ಏನು ಸಂಬಂಧ? ಗೊತ್ತಾಗಲಿಲ್ಲ.

ಗಿರಣಿಗೆ ಬಂದು ಸ್ವಿಚ್ ಒತ್ತಿದ. ಬೆಲ್ಟು ಗೋಡೆಯ ಸೀಳಿನಿಂದ ಬಂದು ಕಲ್ಲು ತಿರುಗಿಸಿತು. ಅವನು ಆ ಸೀಳನ್ನೇ ನೋಡುತ್ತ ನಿಂತ. ಮೋಟರು ಇರುವುದು ಗೋಡೆಯ ಆಚೆ ಬದಿಗೆ, ಹಿಂದಿನ ಓಣಿಗೆ ಬಾಗಿಲಿರುವ ಸಣ್ಣ ಕೋಣೆಯಲ್ಲಿ. ಹಿಟ್ಟಿನ ದೂಳು ಹೊಕ್ಕರೆ ಮೋಟರು ಕೆಡುತ್ತದೆ ಎಂದು ಅಪ್ಪ ಕಟ್ಟಿಸಿದ್ದು. ಮೋಟರಿನ ಎದೆಗೆ ಅಷ್ಟು ಕಾಳಜಿ ಮಾಡಿದ್ದ ಮನೆತನ ತಮ್ಮದು! ಅವನು ಓಡಿಹೋಗಿ ಆ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದ. ಎಣ್ಣೆಯ ಜಿಡ್ಡು ಅಂಟಿತು, ಹಿಟ್ಟು ಅಂಟಲಿಲ್ಲ. ಸದ್ದು ಮಾತ್ರ ಕಿವಿ ತುಂಬ.

ಗಿರಾಕಿಗಳನ್ನು ಬೈಯುತ್ತಲೇ ಕೆಲಸ ಮುಗಿಸಿದ. ಬೆಲ್ಟಿಗೆ ಅಡ್ಡ ತಂತಿಯ ಬಲೆ ಹೊಡೆದ, ಸೀಳಿಗೆ ಹಳೆ ಟಯರಿನ ರಬ್ಬರು ಕತ್ತರಿಸಿ ಕಟ್ಟಿದ, ಓಣಿಯ ಕಡೆಯ ಕಿಟಕಿ ಬಿಚ್ಚಿದ, ಮನೆಯಿಂದ ತನ್ನ ಕುರ್ಚಿಯನ್ನೇ ಹೊತ್ತು ತಂದ. ಮೊದಲು ಬಂದು ನೋಡಿದ್ದು ಅಕ್ಕ. ಗೋಡೆಗೆಲ್ಲ ಸೆರಗು ಉಜ್ಜಿ, ಸೆರಗು ಮೂಸಿ, ಕೊನೆಗೆ "ಹೂಂ" ಅಂದಳು.

ಭಾವ ಬಡಪೆಟ್ಟಿಗೆ ಒಪ್ಪಲಿಲ್ಲ. "ಹೋಗಿ ಹೋಗಿ ಮೋಟರ್ ಜತೆ ಕೂತು ಓದಲಾ?"

"ಅದಕ್ಕೆ ಓದು ಬರಲ್ಲ ಭಾವ, ನಗಕ್ಕೂ ಬರಲ್ಲ."

"ಕರೆಂಟು ಹೋದರೆ?"

"ಅಲ್ಲಿಗೆ ಒಂದು ನರಪಿಳ್ಳೆನೂ ಬರಲ್ಲ. ಬಂದರೆ ನಾನಿದೀನಿ."

ಮಾರನೇ ದಿನ ಭಾವ ಲೈಬ್ರರಿಯಿಂದ ಪುಸ್ತಕ ತಂದು, ಬೆಂಚಿನ ಕಡೆ ತಲೆ ಹಾಕದೆ, ಓಣಿಯಿಂದಲೇ ಹೋಗಿ ಕೂತರು. ಅಂದಿನಿಂದ ದಿನವೂ ಅಲ್ಲೇ. ಹಿಟ್ಟು ತುಂಬುವ ಜಾಗದ ಪಕ್ಕದಲ್ಲಿ ಗೋಡೆಗೆ ಗಾಜು ಹಾಕಿದ ಒಂದು ಕಿಂಡಿ ಇದೆ, ಅದರಿಂದ ಗಿರಣಿಯವನಿಗೆ ಅವರ ತುಟಿ ಕಾಣುತ್ತಿತ್ತು. ಕೆಮ್ಮು ಇಳಿಯುತ್ತಿದೆ ಎಂದು ಅಕ್ಕ ಹೇಳಿದಳು, ಪೂರ್ತಿ ಹೋಗಿಲ್ಲ ಎಂದೂ ಹೇಳಿದಳು. ಡಾಕ್ಟರ ಹತ್ತಿರ ಮತ್ತೆ ತೋರಿಸಬೇಕು.

ಒಂದು ಮಧ್ಯಾಹ್ನ ಕಾಳೆಲ್ಲ ಮುಗಿದಿತ್ತು. ಕಾಳಿಲ್ಲದೆ ಕಲ್ಲು ತಿರುಗಿದರೆ ಕಲ್ಲೇ ಕಲ್ಲನ್ನು ತಿನ್ನುತ್ತದೆ. ಕೊನೆಯ ಹಿಡಿ ಇಳಿದ ಕೂಡಲೇ ಸ್ವಿಚ್ ಆರಿಸುವುದು ಅವನಿಗೆ ಉಸಿರಾಟದಷ್ಟು ರೂಢಿ. ಕೈ ಸ್ವಿಚ್ಚಿಗೆ ಹೋಯಿತು. ಕಿಂಡಿಯಲ್ಲಿ ಕಣ್ಣು ಬಿತ್ತು. ಭಾವ ಕುರ್ಚಿಯ ತುದಿಗೆ ಬಂದಿದ್ದರು. ಬೆರಳು ಓಡುತ್ತಿತ್ತು, ತುಟಿ ಅದರ ಹಿಂದೆ ಏದುಸಿರು ಬಿಡುತ್ತಿತ್ತು. ಆ ಪುಸ್ತಕದೊಳಗೆ ಏನೋ ಆಗುತ್ತಿತ್ತು.

ಗಿರಣಿಯವನು ಕೈಚಕ್ರ ತಿರುಗಿಸಿ ಮೇಲಿನ ಕಲ್ಲನ್ನು ಎತ್ತಿಟ್ಟ. ಕಲ್ಲಿಗೆ ಕಲ್ಲು ತಾಗದೆ ಗಿರಣಿ ಸುಮ್ಮನೆ ತಿರುಗತೊಡಗಿತು.

ಡಬ್ಬ ಹೊತ್ತು ಹೊರಟಿದ್ದ ಹೊಲಿಗೆಯ ಹೆಂಗಸು ಬಾಗಿಲಲ್ಲಿ ನಿಂತು ಕಿರುಚಿದಳು, "ಕಾಳಿಲ್ಲದೆ ಏನು ಬೀಸ್ತಿದೀರಿ ಅಣ್ಣಾ?"

"ನಿಮ್ಮ ಹಿಟ್ಟು ಸಿಕ್ತಲ್ಲ? ನಡೀರಿ!" ಎಂದು ಅವನೂ ಕಿರುಚಿದ.

ಅವಳು ಹೋದಳು. ಏನು ಬೀಸುತ್ತಿದ್ದೇನೆ ಎಂದು ಅವನಿಗೂ ಗೊತ್ತಿರಲಿಲ್ಲ. ಊಟ ತಣ್ಣಗಾಗುತ್ತಿತ್ತು. ಭಾವ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದರು, ಅವನು ಬೆಂಚಿನ ಮೇಲೆ ಕೂತು ಕಾದ.